ಚಿಪ್ಪೆಂಡೇಲನ ಪೀಠೋಪಕರಣ ಚಿತ್ರಗಳು: ವಿರಾಮದ ಚರಿತ್ರೆಗೆ ಒಂದು ಆಕರ

ಯಾರ್ಕ್‌ಷೈರಿನಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ ಬಡಗಿ ಥಾಮಸ್ ಚಿಪ್ಪೆಂಡೇಲ್ (1718–1779) ಕ್ರಿ.ಶ. 1754ರಲ್ಲಿ ‘ದಿ ಜೆಂಟಲ್‌ಮನ್ ಅಂಡ್ ಕ್ಯಾಬಿನೆಟ್-ಮೇಕರ್ಸ್ ಡೈರೆಕ್ಟರ್’ ಎಂಬ ಚಿತ್ರಸಂಪುಟವನ್ನು ಪ್ರಕಟಿಸಿದನು. ತಾಮ್ರದ ತಗಡಿನಲ್ಲಿ ಕೊರೆದು ಮುದ್ರಿಸಿದ 160 ಪಟಗಳು ಅದರಲ್ಲಿದ್ದವು. 1762ರ ಮೂರನೆಯ ಆವೃತ್ತಿಯಲ್ಲಿ ಅವು 200 ಆದವು. ಗಾಥಿಕ್, ಚೀನೀ, ರೊಕೊಕೊ ಶೈಲಿಗಳ ಮಿಶ್ರಣವೆಂದು ಹೇಳಿ ಕಲಾಚರಿತ್ರೆಕಾರರು ಈ ಗ್ರಂಥದ ವಿವೇಚನೆಯನ್ನು ಮುಗಿಸುವುದುಂಟು. ಪ್ರಸ್ತುತ ಲೇಖನದ ಆಸಕ್ತಿ ಬೇರೆ. ಒಂದು ಸಮಾಜ ತನ್ನ ವಿರಾಮವನ್ನು ಹೇಗೆ ಕಲ್ಪಿಸಿಕೊಂಡಿತು ಎಂಬುದಕ್ಕೆ ಇಂತಹ ಚಿತ್ರಗಳು ಎಷ್ಟರಮಟ್ಟಿಗೆ ಸಾಕ್ಷಿಯಾಗಬಲ್ಲವು ಎಂಬುದು ಇಲ್ಲಿನ ಪ್ರಶ್ನೆ.

ಸಂಪುಟದಲ್ಲಿನ ‘ಚೀನಾ ಮೇಜು’ಗಳನ್ನು ನೋಡಬಹುದು. ಪಿಂಗಾಣಿ ಇಡಲು, ಚಹಾ ಬಡಿಸಲು ಉದ್ದೇಶಿಸಿದ ಈ ಮೇಜುಗಳ ಅಂಚಿನ ಸುತ್ತ ಜಾಲಂಧ್ರದಂತಹ ಪುಟ್ಟ ಕಟಾಂಜನವಿದೆ. ಅದು ಕೇವಲ ಅಲಂಕಾರವಲ್ಲ. ಬೆಲೆಬಾಳುವ ಬಟ್ಟಲು ಜಾರಿ ಬೀಳದಂತೆ ಕಾಯುವ ಬೇಲಿ. ಚಹಾಪೆಟ್ಟಿಗೆಗಳಿಗೂ ಸಂಪುಟದಲ್ಲಿ ಪಟಗಳಿವೆ. 1784ರಲ್ಲಿ ತೆರಿಗೆ ಇಳಿಯುವವರೆಗೆ ಚಹಾ ಬಲು ದುಬಾರಿ. ಅದಕ್ಕೆ ಬೀಗ ಹಾಕಿಡುವುದು ಅಂದಿನ ವಾಡಿಕೆ. ಇನ್ನು ಕುರ್ಚಿಗಳ ಪಟಗಳಲ್ಲಿ ಅನೇಕ ಕಡೆ ಒಂದೇ ಕುರ್ಚಿಯ ಎಡಗಾಲು ಒಂದು ವಿನ್ಯಾಸದ್ದು, ಬಲಗಾಲು ಇನ್ನೊಂದು ವಿನ್ಯಾಸದ್ದು. ಗಿರಾಕಿ ಬೇಕಾದುದನ್ನು ಆರಿಸಿಕೊಳ್ಳಲಿ ಎಂಬ ಉಪಾಯವಿದು. ಕುರ್ಚಿಯಲ್ಲಿ ಕುಳಿತ ಮೇಲಲ್ಲ, ಪುಟ ತಿರುವುತ್ತ ಕಾಲುಗಳನ್ನು ಆರಿಸುವಾಗಲೇ ವಿರಾಮ ಆರಂಭವಾಗುತ್ತಿತ್ತೆನ್ನಬೇಕು.

ಆದರೆ ಚಿತ್ರದಲ್ಲಿರುವುದೆಲ್ಲ ಮನೆಯಲ್ಲಿತ್ತೆಂದು ಭಾವಿಸಲಾಗದು. ಈ ವಿನ್ಯಾಸಗಳು ಮರದಲ್ಲಿ ಸಾಧ್ಯವೇ ಇಲ್ಲವೆಂದು ಸಮಕಾಲೀನರು ಆಕ್ಷೇಪಿಸಿದ್ದರು. ಅದು ಮತ್ಸರ, ಅಜ್ಞಾನ, ಅಸಾಮರ್ಥ್ಯಗಳ ಮಾತೆಂದು ಚಿಪ್ಪೆಂಡೇಲನು ಮುನ್ನುಡಿಯಲ್ಲೇ ಉತ್ತರಿಸಿದನು. ಚಿತ್ರಪಟವು ಬಳಕೆಗಿಂತ ಬಯಕೆಯ ದಾಖಲೆ. ಮುಂಗಡ ಚಂದಾದಾರರಾದ ಮುನ್ನೂರಕ್ಕೂ ಹೆಚ್ಚು ಮಂದಿಯಲ್ಲಿ ಶ್ರೀಮಂತರಂತೆ ಬಡಗಿಗಳೂ ಇದ್ದುದು ಈ ದೃಷ್ಟಿಯಿಂದ ಗಮನಾರ್ಹ: ಬಯಸುವವರೂ ಮಾಡಿಕೊಡುವವರೂ ಒಂದೇ ಪುಸ್ತಕವನ್ನು ಓದುತ್ತಿದ್ದರು.

ಕನ್ನಡದ ‘ಬಿಡುವು’ ಶಬ್ದದಲ್ಲಿ ಬಿಟ್ಟ ಕೆಲಸದ ನೆನಪು ಉಳಿದಿದೆ. ಈ ಪೀಠೋಪಕರಣ ಚಿತ್ರಗಳ ವಿರಾಮಕ್ಕೆ ಅಂತಹ ನೆನಪಿಲ್ಲ. ಕೆಲಸವೆಲ್ಲ ಚೌಕಟ್ಟಿನ ಹೊರಗೆ. 1721ರಲ್ಲಿ ಅಮೆರಿಕದ ವಸಾಹತುಗಳ ಮರದ ಮೇಲಿನ ಆಮದು ಸುಂಕವನ್ನು ಬ್ರಿಟನ್ ತೆಗೆದುಹಾಕಿದ ಮೇಲೆ ಮಹೋಗನಿ ಲಂಡನ್ನಿಗೆ ಹೇರಳವಾಗಿ ಬಂದಿತು. ಜಮೈಕದಲ್ಲಿ ಅದನ್ನು ಕಡಿದವರು ಗುಲಾಮರು. ಚಿಪ್ಪೆಂಡೇಲನ ಕಾರ್ಯಾಗಾರದ ಆಳುಗಳ ಸಂಖ್ಯೆಯ ಸುಳಿವು ದೊರೆಯುವುದೂ ಒಂದು ಅನಾಹುತದಿಂದಲೇ. 1755ರಲ್ಲಿ ಅಲ್ಲಿ ಬೆಂಕಿ ಬಿದ್ದು 22 ಕೆಲಸಗಾರರ ಹತಾರದ ಪೆಟ್ಟಿಗೆಗಳು ಸುಟ್ಟುಹೋದವೆಂದು ಅಂದಿನ ಪತ್ರಿಕೆ ವರದಿ ಮಾಡಿತು.

ಭಾರತಕ್ಕೆ ನೇರವಾಗಿ ಸಂಬಂಧಿಸಿದ ಒಂದು ನಿದರ್ಶನವೂ ಉಂಟು. ನಟ ಡೇವಿಡ್ ಗ್ಯಾರಿಕ್‌ನ ಹ್ಯಾಂಪ್ಟನ್ ಮನೆಗೆ ಚಿಪ್ಪೆಂಡೇಲನ ಕಾರ್ಯಾಗಾರವು ಮಂಚವೊಂದನ್ನು ಒದಗಿಸಿತು. ಅದರ ಪರದೆಗಾಗಿ ಹೂಬಳ್ಳಿ ಚಿತ್ರಿಸಿದ ಭಾರತೀಯ ಹತ್ತಿಬಟ್ಟೆಯನ್ನು ಕಲ್ಕತ್ತೆಯ ವರ್ತಕರು ಗ್ಯಾರಿಕ್ ದಂಪತಿಗಳಿಗೆ ಉಡುಗೊರೆಯಾಗಿ ಕಳುಹಿಸಿದ್ದರು. ತನ್ನ ನೇಕಾರರ ರಕ್ಷಣೆಗಾಗಿ ಇಂಗ್ಲೆಂಡು ಇಂತಹ ಬಟ್ಟೆಯನ್ನು 1700 ಮತ್ತು 1721ರ ಶಾಸನಗಳಿಂದ ನಿಷೇಧಿಸಿತ್ತಾದ್ದರಿಂದ ಸುಂಕದ ಅಧಿಕಾರಿಗಳು ಅದನ್ನು ವಶಪಡಿಸಿಕೊಂಡರು. ಹೆಂಡತಿಯ ದುಃಖವನ್ನು ಬಣ್ಣಿಸಿ ಗ್ಯಾರಿಕ್ 1775ರಲ್ಲಿ ಖಜಾನೆಯ ಅಧಿಕಾರಿಗೆ ಪತ್ರ ಬರೆಯಬೇಕಾಯಿತು. ಆ ಮಂಚ ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಚಿಪ್ಪೆಂಡೇಲನ ಮೂಲ ಚಿತ್ರಗಳ ಸಂಪುಟಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು 1920ರಲ್ಲಿ ಕೊಂಡಿತು. ಇವೆರಡನ್ನೂ ಕಂಪನಿಯ ಬಟ್ಟೆ ವ್ಯಾಪಾರದ ಕಡತಗಳೊಡನೆ ಇಟ್ಟು ಓದಬೇಕಾಗಿದೆ. ಚೆನ್ನೈಯಲ್ಲಿರುವ ನಮ್ಮ ಸಂಶೋಧಕರಿಗೆ ಸೇಂಟ್ ಜಾರ್ಜ್ ಕೋಟೆಯ ಕಡತಗಳು ಎಗ್ಮೋರಿನ ತಮಿಳುನಾಡು ದಾಖಲೆಗಾರದಲ್ಲೇ ದೊರೆಯುತ್ತವೆ.