ಸೋದರಮಾವನ ಸ್ಥಾನ: ಮಿತಾಕ್ಷರ, ಅಳಿಯಸಂತಾನ ಮತ್ತು ರಕ್ತಸಂಬಂಧದ ನಿರ್ಣಯ

1868ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಂದು ವಿಚಿತ್ರ ವ್ಯಾಜ್ಯವನ್ನು ತೀರ್ಮಾನಿಸಿತು. ಹತ್ತಿರದ ವಾರಸುದಾರರಿಲ್ಲದೆ ತೀರಿಕೊಂಡವನೊಬ್ಬನ ಆಸ್ತಿ ತನಗೆ ಸೇರಬೇಕೆಂದು ಗಿರಿಧಾರಿಲಾಲ್ ರಾಯ್ ಎಂಬಾತ ಕೇಳುತ್ತಿದ್ದ. ಅದು ತನ್ನದೆಂದು ಬಂಗಾಳದ ಸರ್ಕಾರ ಹೇಳುತ್ತಿತ್ತು. ಗಿರಿಧಾರಿಲಾಲ್ ಮೃತನ ತಂದೆಗೆ ಸೋದರಮಾವ. ಸರ್ಕಾರದ ವಾದ ಸರಳವಾಗಿತ್ತು. ಮಿತಾಕ್ಷರದಲ್ಲಿ ಬಂಧುಗಳ ಪಟ್ಟಿಯೊಂದಿದೆ. ಅದರಲ್ಲಿ ತಂದೆಯ ಸೋದರಮಾವನ ಮಕ್ಕಳಿದ್ದಾರೆ, ಸೋದರಮಾವನಿಲ್ಲ. ಆದುದರಿಂದ ಆಸ್ತಿ ದಿಕ್ಕಿಲ್ಲದ್ದು, ರಾಜಗಾಮಿಯಾಗತಕ್ಕದ್ದು. ಕೌನ್ಸಿಲ್ ಇದನ್ನು ಒಪ್ಪಲಿಲ್ಲ. ಪಟ್ಟಿ ನಿದರ್ಶನಕ್ಕಾಗಿ ಇರುವುದೇ ಹೊರತು ಎಲ್ಲರನ್ನೂ ಎಣಿಸಿ ಮುಗಿಸಿದ್ದಲ್ಲ ಎಂದು ತೀರ್ಪಿತ್ತಿತು. ಮಗನಿಗೆ ಸಲ್ಲುವ ಹಕ್ಕು ಅವನ ತಂದೆಗೆ ಸಲ್ಲದೆಂಬ ವಿಲಕ್ಷಣ ಸ್ಥಿತಿ ಹೀಗೆ ತಪ್ಪಿತು.

ಸೋದರಮಾವನಿಲ್ಲದೆ ಮದುವೆಯ ಶಾಸ್ತ್ರಗಳೇ ಸಾಗದ ನಾಡಿನವರಿಗೆ ಇಂಥ ಪ್ರಶ್ನೆ ನ್ಯಾಯಾಲಯದವರೆಗೆ ಹೋದದ್ದೇ ಸೋಜಿಗ. ಇನ್ನೂ ಸೋಜಿಗವೆಂದರೆ, ವಾದಕ್ಕೆ ಆಧಾರವಾದ ಗ್ರಂಥ ಹುಟ್ಟಿದ್ದು ಆ ನಾಡಿನಲ್ಲಿಯೇ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನ ಅದು.

ವಿಜ್ಞಾನೇಶ್ವರನ ಮುಖ್ಯ ಕೊಡುಗೆ ‘ಸಪಿಂಡ’ ಶಬ್ದಕ್ಕೆ ಅವನು ಕೊಟ್ಟ ಅರ್ಥ. ‘ಪಿಂಡ’ವೆಂದರೆ ಶ್ರಾದ್ಧದಲ್ಲಿ ಇಡುವ ಅನ್ನದ ಉಂಡೆ ಎಂದು ತಿಳಿದರೆ, ಒಂದೇ ಪಿತೃವಿಗೆ ಪಿಂಡವಿಡುವವರು ಸಪಿಂಡರಾಗುತ್ತಾರೆ. ವಿಜ್ಞಾನೇಶ್ವರ ಅದನ್ನು ಬಿಟ್ಟು ಪಿಂಡವೆಂದರೆ ಶರೀರ ಎಂದ. ತಂದೆಯ ದೇಹದ ಅಂಶ ಮಗನಲ್ಲಿದೆ. ಅವನ ಮೂಲಕ ಅಜ್ಜನ ಅಂಶವಿದೆ. ತಾಯಿಯ ಅಂಶವೂ ಹಾಗೆಯೇ; ಅವಳ ಮೂಲಕ ತಾಯಿಯ ತಂದೆ, ಚಿಕ್ಕಮ್ಮ ದೊಡ್ಡಮ್ಮಂದಿರು, ಸೋದರಮಾವಂದಿರು ಎಲ್ಲರೂ ಸಪಿಂಡರೇ. ಗಂಡಹೆಂಡಿರು ಸೇರಿ ಒಂದು ಶರೀರಕ್ಕೆ ಕಾರಣರಾಗುವುದರಿಂದ ಅವರೂ ಪರಸ್ಪರ ಸಪಿಂಡರು. ಈ ಶಬ್ದ ಎಲ್ಲೆಲ್ಲಿ ಬಂದರೂ ಇದೇ ಅರ್ಥವನ್ನು ತೆಗೆದುಕೊಳ್ಳಬೇಕೆಂಬುದು ಅವನ ನಿಲುವು.

ಆದರೆ ಈ ಅರ್ಥಕ್ಕೆ ಒಂದು ತೊಡಕಿದೆಯೆಂದು ಅವನೇ ಕಂಡುಕೊಂಡ. ಸಂಸಾರ ಅನಾದಿಯಾದುದರಿಂದ ಹೇಗೋ ಒಂದು ಬಗೆಯಲ್ಲಿ ಎಲ್ಲರೂ ಎಲ್ಲರಿಗೂ ಸಪಿಂಡರಾಗಿಬಿಡುತ್ತಾರೆ! ಜೈನ ಕಾವ್ಯಗಳ ಓದುಗರಿಗೆ ಇದು ಹೊಸ ಮಾತಲ್ಲ. ಜನ್ನನ ಯಶೋಧರ ಚರಿತೆಯಲ್ಲಿ ಯಶೋಧರನು ಹಲವು ಭವಗಳ ಬಳಿಕ ತನ್ನ ಮಗನಿಗೇ ಮಗನಾಗಿ ಹುಟ್ಟುತ್ತಾನೆ. ಅವನ ತಾಯಿ ಚಂದ್ರಮತಿ ಅವನಿಗೆ ಒಡಹುಟ್ಟಾಗುತ್ತಾಳೆ. ಕವಿಗೆ ವೈರಾಗ್ಯದ ವಸ್ತುವಾದದ್ದು ಧರ್ಮಶಾಸ್ತ್ರಜ್ಞನಿಗೆ ಅತಿವ್ಯಾಪ್ತಿಯ ದೋಷ. ಆದ್ದರಿಂದಲೇ ಸ್ಮೃತಿ ತಂದೆಯ ಕಡೆ ಏಳು, ತಾಯಿಯ ಕಡೆ ಐದು ತಲೆಗಳಿಗೆ ಗೆರೆ ಎಳೆಯಿತೆಂದು ಅವನು ವಿವರಿಸುತ್ತಾನೆ. ರಕ್ತ ಎಲ್ಲಿಯೂ ನಿಲ್ಲುವುದಿಲ್ಲ, ನಿಲ್ಲಿಸುವುದು ಶಾಸ್ತ್ರ ಎಂಬುದನ್ನು ಹನ್ನೆರಡನೆಯ ಶತಮಾನದ ಹೊಸ್ತಿಲಲ್ಲಿಯೇ ಇಷ್ಟು ಸ್ಪಷ್ಟವಾಗಿ ಹೇಳಿದ್ದು ಗಮನಾರ್ಹ.

ದಾಯಭಾಗದ ಪ್ರಕರಣಕ್ಕೆ ಬಂದಾಗ ಮಾತ್ರ ದೇಹದ ಈ ತರ್ಕ ಪೂರ್ತಿ ನಡೆಯಲಿಲ್ಲ. ಮಕ್ಕಳಿಲ್ಲದವನ ಸೊತ್ತಿಗೆ ತಂದೆಗಿಂತ ತಾಯಿಯೇ ಮೊದಲ ಹಕ್ಕುದಾರಳು ಎಂದ ವಿಜ್ಞಾನೇಶ್ವರ. ತಂದೆ ಸವತಿಯ ಮಕ್ಕಳಿಗೂ ತಂದೆಯೇ, ತಾಯಿಯಾದರೋ ಹೆತ್ತ ಮಕ್ಕಳಿಗೆ ಮಾತ್ರ ತಾಯಿ ಎಂಬುದು ಅವನ ಕಾರಣ. ಆದರೆ ಮುಂದಿನ ಸಾಲಿನಲ್ಲಿ ಗೋತ್ರಜರೆಲ್ಲ ಮೊದಲು ಬಂದರು. ಅವರ ಹಿಂದೆ ಹದಿನಾಲ್ಕು ತಲೆಯವರೆಗಿನ ಸಮಾನೋದಕರು ಬಂದರು. ಅವರೂ ಇಲ್ಲದಾಗ ಭಿನ್ನಗೋತ್ರದ ಬಂಧುಗಳು. ಹದಿಮೂರು ತಲೆಯಾಚೆಯ, ಮುಖಪರಿಚಯವೂ ಇಲ್ಲದ ದಾಯಾದಿಯ ಹಿಂದೆ ತಾಯಿಯ ಒಡಹುಟ್ಟಿದವನು ಕಾದು ನಿಲ್ಲಬೇಕಾಯಿತು. ಮದುವೆಯ ನಿಷೇಧಕ್ಕೆ ಎರಡೂ ಕಡೆಯ ರಕ್ತ, ಆಸ್ತಿಗೆ ಗೋತ್ರ. ಬಂಗಾಳದ ಜೀಮೂತವಾಹನ ಪಿಂಡವನ್ನು ಅನ್ನದ ಉಂಡೆಯಾಗಿಯೇ ಉಳಿಸಿಕೊಂಡು ಬೇರೊಂದು ಕ್ರಮ ಕಟ್ಟಿದ. 1810ರಲ್ಲಿ ಕೋಲ್‌ಬ್ರೂಕ್ ಎರಡೂ ಗ್ರಂಥಗಳ ದಾಯಪ್ರಕರಣಗಳನ್ನು ಇಂಗ್ಲಿಷಿಗೆ ತಂದ ಮೇಲೆ ಪಂಡಿತರ ವಾದಗಳು ಬ್ರಿಟಿಷ್ ನ್ಯಾಯಾಲಯಗಳ ಕಾನೂನಾದವು.

ಘಟ್ಟದ ಕೆಳಗಿನ ತುಳುನಾಡಿನಲ್ಲಿ ಇದೇ ಲೆಕ್ಕ ತಲೆಕೆಳಗಾಗಿತ್ತು. ಅಲ್ಲಿ ವಂಶ ನಡೆಯುವುದು ತಾಯಿಯಿಂದ ಮಗಳಿಗೆ. ಸೋದರಮಾವನ ಅಧಿಕಾರ ಅಕ್ಕತಂಗಿಯರ ಮಕ್ಕಳಿಗೆ. ಕುಂಡೋದರನೆಂಬ ಭೂತಕ್ಕೆ ಬಲಿಯಾಗಿ ಮಗನನ್ನು ಕೊಡಲು ರಾಜನ ಹೆಂಡತಿ ಒಪ್ಪದೆ, ತಂಗಿ ತನ್ನ ಮಗನನ್ನು ಕೊಡಲು ಮುಂದಾದುದರಿಂದ ಈ ಕಟ್ಟು ಹುಟ್ಟಿತೆಂಬುದು ಭೂತಾಳಪಾಂಡ್ಯನ ಐತಿಹ್ಯ. ಅದನ್ನು ಇತಿಹಾಸವೆಂದು ಓದಬೇಕಾಗಿಲ್ಲ. ಶಾಸನಗಳ ಸಾಕ್ಷ್ಯ ಹೆಚ್ಚು ಗಟ್ಟಿ: ಕಾರ್ಕಳದಲ್ಲಿ 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನು ಹಿಂದಿನ ಭೈರರಸನ ಅಳಿಯ, ಅವನ ಸೋದರಿ ಗುಮ್ಮಟಾಂಬೆಯ ಮಗ. ಕನ್ನಡದಲ್ಲಿ ‘ಅಳಿಯ’ ಎಂದರೆ ಮಗಳ ಗಂಡನೂ ಹೌದು, ಸೋದರಿಯ ಮಗನೂ ಹೌದು. ವಿಜಯನಗರದ ಅಳಿಯ ರಾಮರಾಯನು ಮೊದಲ ಅರ್ಥದವನು, ಕಾರ್ಕಳದ ಅರಸ ಎರಡನೆಯ ಅರ್ಥದವನು. ಶಾಸನ ಓದುವವರು ಇಲ್ಲಿ ಎಚ್ಚರ ತಪ್ಪಿದರೆ ವಂಶವೃಕ್ಷವೇ ಬೇರೆಯಾಗುತ್ತದೆ.

ಜೈನರ ಮಟ್ಟಿಗೆ ಈ ಭೇದ ಇನ್ನೂ ಸೂಕ್ಷ್ಮ. ಘಟ್ಟದ ಮೇಲಿನ ಜೈನರಿಗೆ ಮಕ್ಕಳಸಂತಾನ, ತುಳುನಾಡಿನ ಜೈನರಿಗೆ ಬಂಟರಂತೆ ಅಳಿಯಸಂತಾನ. ಅಲ್ಲಿಯೂ ಬಸದಿಯ ಪೂಜೆ ಮಾಡುವ ಇಂದ್ರರದು ಮಕ್ಕಳಸಂತಾನವೇ. ಒಂದೇ ಬಸದಿಯಲ್ಲಿ ಒಂದೇ ಜಿನಬಿಂಬಕ್ಕೆ ಅಭಿಷೇಕ ಮಾಡುವವನಿಗೂ ಮಾಡಿಸುವವನಿಗೂ ‘ತನ್ನವರು’ ಯಾರೆಂಬ ಪ್ರಶ್ನೆಗೆ ಉತ್ತರ ಬೇರೆ. ಧರ್ಮ ಈ ಲೆಕ್ಕವನ್ನು ನಿರ್ಣಯಿಸಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇದನ್ನು ಸ್ತ್ರೀಪ್ರಾಧಾನ್ಯದ ಸುವರ್ಣಯುಗವೆಂದು ಕೊಂಡಾಡುವುದು ಸರಿಯಲ್ಲ. ಹೆಣ್ಣಿಗೆ ತವರಿನ ಹಕ್ಕು ಮದುವೆಯಿಂದ ತಪ್ಪುತ್ತಿರಲಿಲ್ಲ, ನಿಜ. ಆದರೆ ಗಂಡನ ಕುಟುಂಬದಲ್ಲಿ ಅವಳೂ ಅವಳ ಮಕ್ಕಳೂ ಹೊರಗಿನವರು. ತಂದೆ ದುಡಿದ ಕುಟುಂಬದ ಜಮೀನಿನಲ್ಲಿ ಮಕ್ಕಳಿಗೆ ಪಾಲಿಲ್ಲ. 1949ರ ಮದ್ರಾಸು ಅಳಿಯಸಂತಾನ ಕಾಯ್ದೆ ಈ ರೂಢಿಯನ್ನು ವ್ಯಾಖ್ಯೆಗಳಲ್ಲಿ ಹಿಡಿಯಲು ಹೊರಟಿತು. ಹೆಣ್ಣಿನ ‘ಕವರು’ ಎಂದರೆ ಅವಳು, ಅವಳ ಮಕ್ಕಳು, ಹೆಣ್ಣುಸಂತತಿಯ ಮೂಲಕ ಬಂದವರೆಲ್ಲರು. ಗಂಡಿನ ಕವರು ಎಂದರೆ ಅವನ ತಾಯಿಯ ಕವರು. ಐವತ್ತು ವರ್ಷ ತುಂಬದ ಹೆಣ್ಣೊಬ್ಬಳಾದರೂ ಇದ್ದರೆ ಅದು ಸಂತತಿ ಕವರು, ಇಲ್ಲವಾದರೆ ನಿಸ್ಸಂತತಿ ಕವರು. ಕುಟುಂಬದಲ್ಲಿ ಸಂತತಿ ಕವರು ಇರುವಾಗ ನಿಸ್ಸಂತತಿ ಕವರಿಗೆ ಪಾಲಿನಲ್ಲಿ ಸಿಕ್ಕುತ್ತಿದ್ದುದು ಜೀವಾವಧಿಯ ಹಕ್ಕು ಮಾತ್ರ. ಗಂಡುಮಕ್ಕಳು ಮಾತ್ರ ಉಳಿದ ತಾಯಿಯೊಬ್ಬಳಿಗೆ ಐವತ್ತನೆಯ ವರ್ಷ ತುಂಬಿದ ದಿನ, ಆ ಮನೆಯ ಕವರು ನಿಸ್ಸಂತತಿಯಾಗುತ್ತಿತ್ತು. ಗಂಡುಮಕ್ಕಳಿಗೆ ಎಷ್ಟು ಮಕ್ಕಳಿದ್ದರೂ ಲೆಕ್ಕಕ್ಕಿಲ್ಲ.

1955 ಮತ್ತು 1956ರ ಹಿಂದೂ ಕಾಯ್ದೆಗಳು ಜೈನರನ್ನೂ ಒಳಗೊಂಡವು. ವಿವಾಹದ ಕಾಯ್ದೆ ಸಪಿಂಡತ್ವದ ಏಳನ್ನು ಐದಕ್ಕೂ ಐದನ್ನು ಮೂರಕ್ಕೂ ಇಳಿಸಿತು. ಸೋದರಮಾವ ಮತ್ತು ಸೊಸೆಯ ಮದುವೆಯನ್ನು ನಿಷೇಧಿಸಿ, ರೂಢಿಯಿದ್ದವರಿಗೆ ಬಾಗಿಲು ತೆರೆದಿಟ್ಟಿತು. ಉತ್ತರಾಧಿಕಾರದ ಕಾಯ್ದೆ ಅಳಿಯಸಂತಾನದವರಿಗೆ 17ನೆಯ ಕಲಮಿನಲ್ಲಿ ಸ್ವಲ್ಪ ಜಾಗ ಉಳಿಸಿತು. ಸಾಮಾನ್ಯ ನಿಯಮದಂತೆ ಉಯಿಲಿಲ್ಲದೆ ತೀರಿಕೊಂಡ ಹೆಣ್ಣಿನ ಆಸ್ತಿ ಮಕ್ಕಳಿಗೂ ಗಂಡನಿಗೂ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಆಮೇಲಷ್ಟೇ ಅವಳ ತಂದೆತಾಯಿಯರಿಗೆ. ತಂದೆತಾಯಿಯರಿಂದ ಬಂದ ಆಸ್ತಿಗೆ ಮಾತ್ರ ವಿನಾಯಿತಿಯಿದೆ. ಮಕ್ಕಳಿಲ್ಲದ ವಿಧವೆ ತಾನೇ ದುಡಿದು ಕೂಡಿಟ್ಟ ಹಣ ಅವಳ ತಾಯಿಯನ್ನು ಬಿಟ್ಟು ಮೈದುನನಿಗೆ ಹೋಗುವುದು ಹೀಗೆ. ಅಳಿಯಸಂತಾನದ ಹೆಣ್ಣಿಗಾದರೆ ಮಕ್ಕಳ ಜೊತೆಗೇ ತಾಯಿ ಬರುತ್ತಾಳೆ. ತಂದೆ ಮತ್ತು ಗಂಡ ನಂತರ. ಗಂಡನ ವಾರಸುದಾರರು ಕಟ್ಟಕಡೆಗೆ.

ಗಂಡಸಿನ ಸೊತ್ತಿಗೆ ಸಂಬಂಧಿಸಿದ ಎರಡನೆಯ ವರ್ಗದ ಪಟ್ಟಿಯಲ್ಲಿ ಒಂಬತ್ತು ನಮೂದುಗಳಿವೆ. ತಂದೆಯ ಒಡಹುಟ್ಟಿದವರು ಏಳನೆಯದರಲ್ಲಿ, ಸೋದರಮಾವನು ಚಿಕ್ಕಮ್ಮ ದೊಡ್ಡಮ್ಮಂದಿರೊಡನೆ ಒಂಬತ್ತನೆಯದರಲ್ಲಿ. ಪಟ್ಟಿಯ ಕೆಳಗೆ ಒಂದು ವಿವರಣೆಯೂ ಇದೆ: ಇಲ್ಲಿ ಸಹೋದರ, ಸಹೋದರಿ ಎಂದರೆ ತಾಯಿ ಒಬ್ಬಳೇ ಆಗಿ ತಂದೆ ಬೇರೆಯಾದವರು ಸೇರುವುದಿಲ್ಲ. ತಂದೆ ಒಬ್ಬನಾಗಿ ತಾಯಿ ಬೇರೆಯಾದವರಿಗೆ ಅಂಥ ನಿರ್ಬಂಧವಿಲ್ಲ. ಪೂರ್ಣರಕ್ತದವರ ಹಿಂದೆಯಾದರೂ ಅವರಿಗೆ ಜಾಗವಿದೆ. ‘ಸೋದರ’ ಶಬ್ದದ ಮೂಲಾರ್ಥ ಮಾತ್ರ ಒಂದೇ ಉದರದವನು ಎಂದು.