ನೆತ್ತರು ಹರಿಸುವವರ ಲೆಕ್ಕಪುಸ್ತಕ

2004ರ ಅಕ್ಟೋಬರ್ ಕೊನೆಯಲ್ಲಿ, ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ನಾಲ್ಕು ದಿನವಿದ್ದಾಗ, ಒಸಾಮಾ ಬಿನ್ ಲಾದೆನ್‌ನ ವೀಡಿಯೊವೊಂದು ಹೊರಬಂತು. ಧರ್ಮದ ಮಾತಿನ ನಡುವೆ ಅಲ್ಲೊಬ್ಬ ಪಕ್ಕಾ ವ್ಯಾಪಾರಿ ಕೂತಿದ್ದ. 2001ರ ಸೆಪ್ಟೆಂಬರ್ 11ರ ದಾಳಿಗೆ ತಾವು ಖರ್ಚು ಮಾಡಿದ್ದು 5 ಲಕ್ಷ ಡಾಲರ್, ಅಮೆರಿಕ ಕಳೆದುಕೊಂಡದ್ದು 50 ಸಾವಿರ ಕೋಟಿ ಡಾಲರ್‌ಗೂ ಹೆಚ್ಚು ಎಂದು ಆತ ಲೆಕ್ಕ ಒಪ್ಪಿಸಿದ. ಅಂದು ಸತ್ತ ಸುಮಾರು 3 ಸಾವಿರ ಅಮಾಯಕರು ಆ ಲೆಕ್ಕದಲ್ಲಿ ಬಂಡವಾಳ ಮಾತ್ರ. ಭೂಮಿಯ ಯಾವುದೋ ಮೂಲೆಗೆ ಇಬ್ಬರನ್ನು ಕಳಿಸಿ, ಅಲ್ ಖೈದಾ ಎಂದು ಬರೆದ ಬಟ್ಟೆ ತುಂಡು ಎತ್ತಿ ಹಿಡಿಸಿದರೆ ಸಾಕು, ಅಮೆರಿಕದ ಜನರಲ್‌ಗಳು ಅಲ್ಲಿಗೆ ಓಡಿಬರುತ್ತಾರೆ ಎಂದೂ ಗೇಲಿ ಮಾಡಿದ.

ಈ ತಂತ್ರದ ಪಾಠಶಾಲೆ ಅಫ್ಘಾನಿಸ್ತಾನ. 1979ರ ಡಿಸೆಂಬರ್‌ನಲ್ಲಿ ಒಳಹೊಕ್ಕ ಸೋವಿಯತ್ ಸೇನೆ ಸುಮಾರು 15 ಸಾವಿರ ಸೈನಿಕರನ್ನು ಕಳೆದುಕೊಂಡು 1989ರ ಫೆಬ್ರವರಿಯಲ್ಲಿ ಹಿಂದಿರುಗಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಕುಸಿಯಿತು. ಅದನ್ನು ಕೆಡವಿದ್ದು ನಾವೇ ಎಂದು ಲಾದೆನ್ ನಂಬಿದ. ಆ ನಂಬಿಕೆಯಲ್ಲಿ ಅರ್ಧ ಸುಳ್ಳಿತ್ತು. ಅಮೆರಿಕ ಮತ್ತು ಸೌದಿಯ ಹಣ, ಪಾಕಿಸ್ತಾನದ ಐಎಸ್‌ಐ, ಸ್ಟಿಂಗರ್ ಕ್ಷಿಪಣಿ, 1986ರಲ್ಲಿ ನೆಲಕಚ್ಚಿದ ತೈಲ ಬೆಲೆ, ಒಳಗೇ ಕೊಳೆಯುತ್ತಿದ್ದ ಆರ್ಥಿಕತೆ ಇವೆಲ್ಲವನ್ನೂ ಆತ ತನ್ನ ಕಥೆಯಿಂದ ಅಳಿಸಿಹಾಕಿದ. ಸತ್ತ ಲಕ್ಷಾಂತರ ಅಫ್ಘನ್ನರನ್ನೂ ಮರೆತ.

ಒಂದು ಮಹಾಶಕ್ತಿ ಉರುಳಿದರೆ ಇನ್ನೊಂದೂ ಉರುಳೀತು ಎಂಬ ಲೆಕ್ಕಾಚಾರ ಅಲ್ಲಿಂದ ಶುರುವಾಯಿತು. ಅರಬ್ ದೇಶಗಳ ಸರ್ಕಾರಗಳು ಕೊಂಬೆಗಳು, ಅಮೆರಿಕ ಕಾಂಡ. ಕಾಂಡಕ್ಕೆ ಗರಗಸ ಇಡಬೇಕು ಎಂಬುದು ಅವನ ವಾದ. ಆದರೆ ಅಷ್ಟು ದೊಡ್ಡ ಸೇನೆಯನ್ನು ಎದುರಿಸುವ ಬಲ ಅವರಿಗಿರಲಿಲ್ಲ. ಹಾಗಾಗಿ ಕೆಣಕಿ, ದೂರದ ನೆಲಕ್ಕೆ ಎಳೆದು ತಂದು, ದಣಿಸುವುದೇ ದಾರಿಯಾಯಿತು. ದುರ್ಬಲನ ಆಯುಧ ಬಲಿಷ್ಠನ ಸಿಟ್ಟು.

ಆ ಸಿಟ್ಟು ಧಾರಾಳವಾಗಿ ಸಿಕ್ಕಿತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂಬಂತೆ 2001ರ ಅಕ್ಟೋಬರ್‌ನಲ್ಲಿ ಅಫ್ಘಾನಿಸ್ತಾನದ ಮೇಲೆ ಬಾಂಬುಗಳು ಬಿದ್ದವು. 2003ರ ಮಾರ್ಚ್‌ನಲ್ಲಿ, ಸೆಪ್ಟೆಂಬರ್ 11ರ ದಾಳಿಯಲ್ಲಿ ಕೈವಾಡವೇ ಇಲ್ಲದ ಇರಾಕ್ ಮೇಲೂ ಯುದ್ಧ ನಡೆಯಿತು. ಇದೆ ಎಂದಿದ್ದ ಸಾಮೂಹಿಕ ವಿನಾಶದ ಅಸ್ತ್ರಗಳು ಅಲ್ಲಿ ಸಿಗಲಿಲ್ಲ. ಬುಷ್ ಆಡಳಿತ ಬಲೆಯತ್ತ ತಾನಾಗಿಯೇ ನಡೆದುಹೋಯಿತು. 2010ರಲ್ಲಿ ಅಲ್ ಖೈದಾದ ಯೆಮನ್ ಶಾಖೆ ಪ್ರಿಂಟರ್‌ಗಳೊಳಗೆ ಬಾಂಬಿಟ್ಟು ಸರಕು ವಿಮಾನಗಳಲ್ಲಿ ಕಳಿಸಿತು. ಅವು ಸಿಡಿಯಲಿಲ್ಲ. ಆದರೂ 4,200 ಡಾಲರ್ ವೆಚ್ಚದಲ್ಲಿ ಶತ್ರುವಿನ ಭದ್ರತಾ ಖರ್ಚು ಏರಿಸಿದೆವೆಂದು ಬೀಗಿತು.

ಹಾಗಾದರೆ ತಂತ್ರ ಗೆದ್ದಿತೇ? ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಅಧ್ಯಯನ 2021ರಲ್ಲಿ ಅಂದಾಜಿಸಿದಂತೆ, ಈ ಯುದ್ಧಗಳ ವೆಚ್ಚ 8 ಲಕ್ಷ ಕೋಟಿ ಡಾಲರ್. ನೇರವಾಗಿ ಸತ್ತವರು ಸುಮಾರು 9 ಲಕ್ಷ. ಅದೇ ವರ್ಷದ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲಿಗೆ ಮರಳಿತು. ಆದರೆ ಅಮೆರಿಕ ದಿವಾಳಿಯಾಗಲಿಲ್ಲ, ಮುಸ್ಲಿಂ ದೇಶಗಳಿಂದ ಕಾಲ್ತೆಗೆಯಲೂ ಇಲ್ಲ. 2011ರಲ್ಲಿ ಅಬೋಟಾಬಾದ್‌ನಲ್ಲಿ ಲಾದೆನ್, 2022ರಲ್ಲಿ ಕಾಬೂಲಿನಲ್ಲಿ ಅಯ್ಮನ್ ಅಲ್ ಜವಾಹಿರಿ ಅದೇ ಅಮೆರಿಕದ ಕೈಯಲ್ಲಿ ಹತರಾದರು.

ಬಿಲ್ಲು ತೆತ್ತವರು ಬೇರೆಯವರು. 1998ರಲ್ಲಿ ನೈರೋಬಿ ಮತ್ತು ದಾರ್ ಎಸ್ ಸಲಾಮ್‌ನ ಅಮೆರಿಕನ್ ದೂತಾವಾಸಗಳ ಮುಂದೆ ಸತ್ತ 224 ಮಂದಿಯಲ್ಲಿ ಅಮೆರಿಕನ್ನರು 12. ಉಳಿದವರಲ್ಲಿ ಬಹುಪಾಲು ಬಡ ಆಫ್ರಿಕನ್ನರು. 2005ರಲ್ಲಿ ಅಮ್ಮಾನ್‌ನ ಹೋಟೆಲೊಂದರಲ್ಲಿ ನಿಕಾಹ್‌ನ ಔತಣ ಜನಾಜಾ ಆಯಿತು. 2006ರಲ್ಲಿ ಸಮರ್ರಾದ ಅಸ್ಕರಿ ಮಸೀದಿಯ ಗುಂಬಜ್ ಸ್ಫೋಟಗೊಂಡ ಮೇಲೆ ಇರಾಕಿನ ಶಿಯಾ-ಸುನ್ನಿಗಳು ಬೀದಿ ಬೀದಿಗಳಲ್ಲಿ ಒಬ್ಬರನ್ನೊಬ್ಬರು ಕೊಂದರು. ಹೀಗೆ ಮಾಡಿದರೆ ಸಾಮಾನ್ಯ ಮುಸ್ಲಿಮರ ಬೆಂಬಲ ಕೈತಪ್ಪುತ್ತದೆಂದು 2005ರಲ್ಲೇ ಜವಾಹಿರಿ ಇರಾಕಿನ ಝರ್ಖಾವಿಗೆ ಕಾಗದ ಬರೆದಿದ್ದ. ಆ ಕಾಗದದಲ್ಲಿದ್ದುದು ಪಶ್ಚಾತ್ತಾಪವಲ್ಲ, ಗಿರಾಕಿ ಕಳೆದುಕೊಳ್ಳುವ ಭಯ.

ಸಾಮ್ರಾಜ್ಯಶಾಹಿಯ ಅನ್ಯಾಯವನ್ನು ನಾವು ಖಂಡಿಸುತ್ತಲೇ ಇರಬೇಕು. ಆದರೆ ಆ ಕೋಪವನ್ನು ಇಂಥ ತಂತ್ರಗಾರರಿಗೆ ಸಾಲ ಕೊಡಲಾಗದು. ಒಬ್ಬ ಡಾಲರ್ ಎಣಿಸಿದ, ಇನ್ನೊಬ್ಬ ಗುರಿ ಎಣಿಸಿದ. ಬಾಗ್ದಾದಿನ ಸಂತೆಗೆ ತರಕಾರಿ ತರಲು ಹೋದವಳು ಇಬ್ಬರ ಪುಸ್ತಕದಲ್ಲೂ ಇಲ್ಲ. ಅವಳನ್ನು ಎಣಿಸುವ ಕೆಲಸ ನಮ್ಮದು.