ಪೈಠಣದ ಜಾತ್ರೆ, ಡಿವಿಡಿಯ ಲೆಡ್ಜರು

1599ರಲ್ಲಿ ಸಮಾಧಿಯಾದ ಏಕನಾಥರ ನೆನಪಿಗೆ ಪೈಠಣದಲ್ಲಿ ಪ್ರತಿ ಫಾಲ್ಗುಣ ನಾಥಷಷ್ಠಿ ಜಾತ್ರೆ. ಹಿರಿಯರೊಂದಿಗೆ ಹೋಗಿಬಂದ ನಮ್ಮವರ ಮನೆಗಳಲ್ಲಿ ಅದರ ಡಿವಿಡಿಗಳಿವೆ. ಎಡಿಟ್ ಮಾಡಲು ಹೋದರೆ ತಂತ್ರಾಂಶ ಮುಷ್ಕರ ಹೂಡುತ್ತೆ!

ಕಾರಣ ನೋಡಿ: 1996ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿವಿಡಿ ಹುಟ್ಟಿದ್ದು ನೋಡಲಿಕ್ಕೆ, ಕತ್ತರಿಸಲಿಕ್ಕಲ್ಲ. ಜಾಗ ಉಳಿಸಲು ಎಂಪೆಗ್-2ರಲ್ಲಿ ಸೆಕೆಂಡಿನ 25 ಚಿತ್ರಗಳಲ್ಲಿ ಸಾಮಾನ್ಯವಾಗಿ ಒಂದೆರಡೇ ಪೂರ್ತಿ. ಉಳಿದವು ಬರೀ ಬದಲಾವಣೆಯ ಲೆಕ್ಕ. ನಮ್ಮ ಲೆಡ್ಜರಿನಂತೆ, ಓಪನಿಂಗ್ ಬ್ಯಾಲೆನ್ಸ್ ಇಲ್ಲದೆ ನಡುವಿನ ಎಂಟ್ರಿಗೆ ಅರ್ಥವಿಲ್ಲ.

ಅದಕ್ಕೇ ಡಿಸ್ಕಿನ ವಿಒಬಿ ಫೈಲುಗಳನ್ನು ಕಂಪ್ಯೂಟರಿಗೆ ನಕಲಿಸಿ, ಉಚಿತ ಎಫ್‌ಎಫ್‌ಎಂಪೆಗ್‌ನಿಂದ ಪ್ರತಿ ಚಿತ್ರವೂ ಪೂರ್ತಿಯಿರುವ ಪ್ರೊರೆಸ್‌ಗೆ ಬದಲಿಸಿ. ಸ್ಪಷ್ಟತೆ ಹೆಚ್ಚದು, ಕತ್ತರಿ ಮಾತ್ರ ಸಲೀಸು. ಮೂಲ ಫೈಲುಗಳನ್ನು ಅಳಿಸಬೇಡಿ.

ಮನೆಯಲ್ಲಿ ಬರೆದ ಡಿಸ್ಕುಗಳು ಕಾಲಕ್ರಮೇಣ ಕೆಡುತ್ತವೆ. ತೀರಿಕೊಂಡವರ ದನಿ ಇನ್ನೆಲ್ಲಿ ಸಿಕ್ಕೀತು? ಈ ಭಾನುವಾರವೇ ಕೂತುಬಿಡಿ, ಏನಂತೀರಿ?